ಹೆಲ್ಮೆಟ್ಟಿನ ಎಡಗೆನ್ನೆ

ಕ್ರಾಲಿ ಫೋರ್ಕ್ ಕಾಲೇಜಿನ ಆಟಗಾರರನ್ನು ತೂಗಿ ನೋಡಲು ಬರುವ ಸ್ಕೌಟುಗಳು ಮೊದಲು ಹೋಗುವುದು ಕೋಚ್ ಹತ್ತಿರ. ಅಲ್ಲಿ ಕಾಫಿ ಕುಡಿದು, ಹೊಗಳಿಕೆ ಕೇಳಿ, ಕೈ ಕುಲುಕಿ ಹೊರಬೀಳುತ್ತಾರೆ. ಆಮೇಲೆ ಯಾರಿಗೂ ಹೇಳದೆ ಮೆಟ್ಟಿಲಿಳಿದು ನೆಲಮಾಳಿಗೆಗೆ ಬರುತ್ತಾರೆ. ಅಲ್ಲಿ ಬಟ್ಟೆ ಒಗೆಯುವ ನಾಲ್ಕು ದೊಡ್ಡ ಯಂತ್ರಗಳ ಪಕ್ಕ ಒಂದು ಕಿಟಕಿ. ಕಿಟಕಿಯ ಹಿಂದೆ ವೆರ್ಲ್ ಹುಡಾಕ್. ನಿಜ ಸಿಗುವುದು ಅಲ್ಲಿ.

ವೆರ್ಲ್ ಮೂವತ್ತೊಂದು ವರ್ಷದಿಂದ ಆ ಅಮೆರಿಕನ್ ಫುಟ್‌ಬಾಲ್ ತಂಡದ ಸಾಮಾನು ನೋಡಿಕೊಂಡವನು. ಹೆಲ್ಮೆಟ್ಟಿನ ತಿರುಪು ಬಿಗಿಯುವುದು, ಅಂಗಿ ಒಗೆಯುವುದು, ಹರಿದ ಚಡ್ಡಿ ಹೊಲಿಯುವುದು, ಬೂಟಿನ ಮೊಳೆ ಬದಲಿಸುವುದು. ಹೈಸ್ಕೂಲು ಅರ್ಧಕ್ಕೇ ಬಿಟ್ಟಿದ್ದ. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿದ್ದ. ಕಾರ್ಖಾನೆ ಮುಚ್ಚಿತು, ಮಗ ಒಗೆಯುವ ಯಂತ್ರದ ಮುಂದೆ ಬಂದು ನಿಂತ. ಅಷ್ಟೇ ಅವನ ಚರಿತ್ರೆ. ಆದರೆ ಕ್ವಾರ್ಟರ್‌ಬ್ಯಾಕ್ ಹುಡುಗರನ್ನು ಅಳೆಯುವುದರಲ್ಲಿ ಅವನನ್ನು ಮೀರಿಸಿದವರು ಓಹಿಯೊ ನದಿಯ ಈ ದಡದಲ್ಲಿ ಇರಲಿಲ್ಲ. ಕ್ವಾರ್ಟರ್‌ಬ್ಯಾಕ್ ಎಂದರೆ ತಂಡದ ಯಜಮಾನ. ಪ್ರತಿ ಸಲ ಚೆಂಡು ಮೊದಲು ಬರುವುದು ಅವನ ಕೈಗೆ. ಯಾರಿಗೆ ಎಸೆಯಬೇಕೆಂದು ಮೂರು ಎಣಿಸುವುದರೊಳಗೆ ತೀರ್ಮಾನಿಸುವವನೂ ಅವನೇ. ಅಷ್ಟರಲ್ಲಿ ಎದುರಾಳಿಗಳು ಗೂಳಿಗಳ ಹಾಗೆ ನುಗ್ಗಿ ಬಂದು ಬೀಳುವುದೂ ಅವನ ಮೇಲೆಯೇ.

‘ಬಾಯಿ ಸುಳ್ಳು ಹೇಳ್ಬಹುದು, ಚಡ್ಡಿ ಹೇಳಲ್ಲ’ ಎಂಬುದು ವೆರ್ಲ್‌ನ ಗಾದೆ. ಒಬ್ಬ ಹುಡುಗನ ಚಡ್ಡಿ ವರ್ಷಪೂರ್ತಿ ಸೊಂಟದ ಹಿಂದೆ ಮಾತ್ರ ಹುಲ್ಲು ತಿಕ್ಕಿ ಹಸಿರಾಗಿರುತ್ತಿತ್ತು. ಪತ್ರಿಕೆಗಳೆಲ್ಲ ಅವನನ್ನು ಹುಲಿ ಎಂದು ಬರೆದವು. ‘ಹಿಂದಕ್ಕೆ ಓಡ್ತಾನೆ, ಓಡಿ ಕೂತ್ಕೋತಾನೆ’ ಎಂದ ವೆರ್ಲ್. ಮುಂದಿನ ವರ್ಷ ಆ ಹುಲಿ ದೊಡ್ಡ ತಂಡ ಸೇರಿ ಮೂರು ವಾರಕ್ಕೆ ಮನೆಗೆ ಬಂತು. ಇನ್ನೊಬ್ಬ ತನ್ನ ಬೆವರಿನ ಅಂಗಿಯನ್ನು ಬೇರೆಯವರ ಬುಟ್ಟಿಗೆ ಎಸೆದು ಹೋಗುತ್ತಿದ್ದ. ‘ಸೋತಾಗ ಬೇರೆಯೋರ ಮೇಲೆ ಹಾಕ್ತಾನೆ ನೋಡ್ತಾ ಇರಿ’ ಎಂದ. ಹಾಗೆಯೇ ಆಯಿತು. ಇಷ್ಟು ವರ್ಷದಲ್ಲಿ ಒಬ್ಬ ಸ್ಕೌಟೂ ‘ವೆರ್ಲ್ ನನಗೆ ಸುಳ್ಳು ಹೇಳಿದ’ ಎಂದು ಮೆಟ್ಟಿಲು ಹತ್ತಿದ್ದಿಲ್ಲ.

ಆ ಅಕ್ಟೋಬರಿನ ಬುಧವಾರ ಬಂದವನು ಗಾರ್ಲಂಡ್ ಮೇಸ್. ಸಂಬಳಕ್ಕೆ ಆಡುವ ದೊಡ್ಡ ತಂಡವೊಂದರ ಸ್ಕೌಟು. ಅರ್ಧ ಆಯುಷ್ಯ ಕಾರಿನಲ್ಲೇ ಕಳೆದವನು. ಕಿಟಕಿಗೆ ಮೊಣಕೈ ಊರಿ ನಿಂತ.

"ಏನ್ ಮುದ್ಕಪ್ಪಾ, ಇನ್ನೂ ಬದುಕಿದೀಯ?"

"ಏನ್ಮಾಡ್ಲಿ, ಕೊಳೆ ಒಗೆಯೋಕೆ ಒಬ್ಬ ಬೇಕಲ್ಲ. ಹೊಟ್ಟೆ ಸ್ವಲ್ಪ ಒಳಗೆಳ್ಕೊ, ಕಿಟಕಿ ಮುರಿದೀತು."

ಗಾರ್ಲಂಡ್ ನಕ್ಕು, ಜೇಬಿನಿಂದ ನಡುವೆ ಮಡಿಸಿದ ಹಾಳೆ ತೆಗೆದ. ಮಡಿಕೆಯ ಒಂದು ಕಡೆ ಗುಣ, ಇನ್ನೊಂದು ಕಡೆ ದೋಷ. ಮೇಲೆ ಹೆಸರು: ಡೇನ್ ಪ್ರೂಯಿಟ್.

"ಆರು ಆಟದ ವಿಡಿಯೊ ನೋಡ್ದೆ. ಕೈ ಏನ್ ಕೈ ಮಾರಾಯ! ಅರವತ್ತು ಗಜದಿಂದ ಎದೆ ಮೇಲೆ ತಂದಿಟ್ಟ ಹಾಗೆ ಎಸೀತಾನೆ. ಆದ್ರೆ ಬಲಕ್ಕೆ ಸಿಡಿಲು, ಎಡಕ್ಕೆ ಒಂದು ಚಿಟಿಕೆ ತಡ. ಕತ್ತು ಪೂರ್ತಿ ತಿರುಗಿಸಿ ನೋಡಿ ಆಮೇಲೆ ಎಸೀತಾನೆ. ಯಾಕದು?"

"ಎಡಗಡೆ ಕಾವಲಿರೋ ಹುಡುಗ್ರು ಹೊಸಬ್ರು. ಅವ್ರ ಮೇಲೆ ನಂಬಿಕೆ ಇಲ್ಲ" ಎಂದ ವೆರ್ಲ್, ಯೋಚನೆಯೂ ಮಾಡದೆ.

"ಸರಿ. ಅವನ ಚಡ್ಡಿ ಏನ್ ಹೇಳತ್ತೆ?"

"ಇವನ ವಿಷಯದಲ್ಲಿ ಚಡ್ಡಿ ಅಲ್ಲ, ತಡಿ." ವೆರ್ಲ್ ಒಳಗೆ ಹೋಗಿ ಮೊಳೆಯಿಂದ ಡೇನ್‌ನ ಬಿಳಿ ಹೆಲ್ಮೆಟ್ ಇಳಿಸಿ ತಂದ. ಆ ತಂಡದಲ್ಲೊಂದು ಪದ್ಧತಿ: ಎದುರಾಳಿಯ ಹೆಲ್ಮೆಟ್ಟು ಬಡಿದಾಗ ಅಂಟಿಕೊಳ್ಳುವ ಬಣ್ಣವನ್ನು ವರ್ಷದ ಕೊನೆಯ ಆಟ ಮುಗಿಯುವ ತನಕ ಒರೆಸುವ ಹಾಗಿಲ್ಲ. ಹುಡುಗರಿಗೆ ಅದು ಪದಕ. ಡೇನ್‌ನ ಹೆಲ್ಮೆಟ್ಟಿನ ಎಡಗೆನ್ನೆಯಲ್ಲಿ ಕೆಂಪು, ಹಳದಿ, ನೇರಳೆ, ಮತ್ತೆ ಕೆಂಪು, ಒಟ್ಟು ಹನ್ನೊಂದು ಗುರುತು ಬಳಿದುಕೊಂಡಿದ್ದವು.

"ನೋಡು. ಬೇರೆ ಹುಡುಗ್ರಿಗೆ ಪೆಟ್ಟು ಬೀಳೋದು ಹಿಂದಲೆಗೆ, ನೆತ್ತಿಗೆ. ಬರೋದು ಕಂಡ ತಕ್ಷಣ ತಲೆ ಒಳಗೆ ಎಳ್ಕೋತಾರೆ. ಇವ್ನು ಮುಖ ಕೊಡ್ತಾನೆ. ಗೂಳಿ ಬರ್ತಾ ಇದೆ ಅಂತ ಗೊತ್ತಿದ್ರೂ ಚೆಂಡು ಕೈ ಬಿಡೋ ತನಕ ಅಲ್ಲಾಡಲ್ಲ. ಮೂವತ್ತೊಂದು ವರ್ಷದಲ್ಲಿ ಇಂಥಾ ಗುಂಡಿಗೆ ನಾನು ನೋಡಿಲ್ಲ."

ಗಾರ್ಲಂಡ್ ಹೆಲ್ಮೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ಗುಣದ ಸಾಲಿನ ತುದಿಯಲ್ಲಿ ದಪ್ಪಕ್ಷರದಲ್ಲಿ ಬರೆದ: ‘ಮೈಮೇಲೆ ಬಂದರೂ ಕಣ್ಣು ಮಿಟುಕಿಸುವುದಿಲ್ಲ.’ ಕೆಳಗೆ ಎರಡು ಗೆರೆ ಎಳೆದ.

"ನಿನ್ನ ಮಾತಿನ ಮೇಲೆ ಬರೀತಿದೀನಿ ವೆರ್ಲ್. ಶನಿವಾರ ನಮ್ಮ ದೊಡ್ಡೋರ್ನ ಕರ್ಕೊಂಡು ಬರ್ತೀನಿ. ಅವ್ರಿಗೆ ಕೈ ಸಾಲಲ್ಲ, ಗುಂಡಿಗೆ ಬೇಕು. ಅವ್ರು ಹೂಂ ಅಂದ್ರೆ ಹುಡುಗನ ಬದುಕು ಆಯ್ತು."

"ಬರ್ಕೊ ಬರ್ಕೊ" ಎಂದ ವೆರ್ಲ್. ಅವನ ಎದೆ ತಾನೇ ಹೆತ್ತವನ ಹಾಗೆ ಉಬ್ಬಿತ್ತು.

ಮಾರನೆಯ ದಿನ, ಗುರುವಾರ, ಅಭ್ಯಾಸ ಮುಗಿದು ಹುಡುಗರೆಲ್ಲ ಸ್ನಾನಕ್ಕೆ ನುಗ್ಗಿದ್ದ ಹೊತ್ತು. ವೆರ್ಲ್ ಟವಲನ್ನು ಯಾರ ಕೈಗೂ ಕೊಡುವವನಲ್ಲ; ಬಿಗಿಯಾಗಿ ಸುತ್ತಿ ಕಿಟಕಿಯಿಂದ ಎಸೆಯುತ್ತಾನೆ. ‘ಹಿಡೀದೋನಿಗೆ ಒಣ ಟವಲ್ ಇಲ್ಲ’ ಎಂಬುದು ಅಲ್ಲಿನ ಕಾನೂನು. ಆವತ್ತು ಮಾತ್ರ ಅವನು ಕಿಟಕಿಯ ಹಿಂದಿರಲಿಲ್ಲ. ಕಿಟಕಿಯ ಮುಂದಿನ ಓಣಿಯ ದೀಪ ಕೆಟ್ಟಿತ್ತು. ಅದನ್ನು ಬದಲಿಸಿ, ಟವಲಿನ ಗಾಡಿ ತಳ್ಳಿಕೊಂಡು ಎಡಗಡೆಯಿಂದ ಬರುತ್ತಿದ್ದ. ಡೇನ್ ಕಿಟಕಿಗೆ ಮುಖ ಮಾಡಿ ನಿಂತು, ಒಳಗೆ ಯಾರೂ ಇಲ್ಲದ್ದು ಕಂಡು ಕೂಗುತ್ತಿದ್ದ.

"ಮಿಸ್ಟರ್ ವೆರ್ಲ್! ಒಳಗಿದೀರಾ ಸರ್? ಚಳಿ ಆಗ್ತಿದೆ!"

ನದಿಯಾಚೆಯ ಬೆಟ್ಟದ ಸೀಮೆಯ ಹುಡುಗ. ಹಿರಿಯರಿಗೆ ‘ಸರ್’ ಅನ್ನದೆ ಮಾತು ಮುಗಿಸುವವನಲ್ಲ. ವೆರ್ಲ್ ತಮಾಷೆಗೆಂದು ಐದು ಹೆಜ್ಜೆ ದೂರದಿಂದಲೇ ಒಂದು ಟವಲ್ ಎಸೆದ. ಅದು ಹೋಗಿ ಡೇನ್‌ನ ಎಡಗೆನ್ನೆಗೆ ಫಟಾರೆಂದು ಬಡಿದು ಕೆಳಗೆ ಬಿತ್ತು.

ಹುಡುಗ ಬೆಚ್ಚಿ ಹಾರಿದ. ಆದರೆ ಹಾರಿದ್ದು ಬಡಿದ ಮೇಲೆ.

"ಯಾರದು?" ಎಂದು ಪೂರ್ತಿ ತಿರುಗಿ ನೋಡಿ ನಕ್ಕ. "ಅಯ್ಯೋ ಸರ್, ನೀವಾ! ಎಲ್ಲಿಂದ ಬಂದ್ರಿ?"

ವೆರ್ಲ್ ಕೂಡ ನಕ್ಕ. ನಗು ಅರ್ಧಕ್ಕೇ ನಿಂತಿತು. ಎಲ್ಲಿಂದ ಬಂದೆ ಎಂದರೇನು? ಎದೆಯೆತ್ತರದ ಗಾಡಿ, ಆರಡಿ ಆಳು, ಹೊಸ ದೀಪ ಧಗಧಗ ಉರಿಯುತ್ತಿದೆ. ಸಣ್ಣ ನೊಣ ಕಣ್ಣಿನ ಹತ್ತಿರ ಬಂದರೆ ಮುದಿ ನಾಯಿಯೂ ರೆಪ್ಪೆ ಮುಚ್ಚುತ್ತದೆ. ಡೇನ್ ಬಗ್ಗಿ ಬೂಟಿನ ದಾರ ಬಿಚ್ಚಿ, ಎದ್ದು ಮತ್ತೆ ಕಿಟಕಿಯ ಕಡೆ ತಿರುಗಿ ಏನೋ ಹೇಳುತ್ತಿದ್ದ. ವೆರ್ಲ್‌ಗೆ ಅದು ಕೇಳಿಸಲಿಲ್ಲ. ಕೈಗೆ ಇನ್ನೊಂದು ಟವಲ್ ತಾನಾಗಿ ಬಂತು. ಈ ಸಲ ಮೆಲ್ಲಗೆ, ಕೋಳಿಮರಿಯ ಮೇಲೆ ಹಾಕುವಷ್ಟು ಮೆಲ್ಲಗೆ ಎಸೆದ. ಟವಲ್ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಬಂತು. ಹುಡುಗನ ಎಡಗಣ್ಣು ತೆರೆದೇ ಇತ್ತು. ನೀಲಿ ಕಣ್ಣು, ಚೆಂದದ ಕಣ್ಣು. ಟವಲ್ ಅದರ ಮೇಲೆಯೇ ಬಿತ್ತು. ಬೀಳುವ ತನಕ ರೆಪ್ಪೆ ಅಲ್ಲಾಡಲಿಲ್ಲ.

ಮೈಮೇಲೆ ಬಂದರೂ ಕಣ್ಣು ಮಿಟುಕಿಸುವುದಿಲ್ಲ.

ಡೇನ್ ‘ಏನ್ ಸರ್, ಇವತ್ತು ಆಟ ಜೋರು’ ಎಂದು ಎರಡೂ ಟವಲ್ ಎತ್ತಿಕೊಂಡು ಹೋದ ಮೇಲೂ ವೆರ್ಲ್ ಗಾಡಿಯ ಹಿಡಿ ಬಿಡಲಿಲ್ಲ. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿ ಹೆಲ್ಮೆಟ್ ಇಳಿಸಿದ. ಗೋಡೆಯ ಮೇಲೆ ಹಳೆಯ ಕ್ವಾರ್ಟರ್‌ಬ್ಯಾಕುಗಳ ನಾಲ್ಕು ಹೆಲ್ಮೆಟ್ಟುಗಳು ಕೊನೆಯ ಆಟದ ಬಣ್ಣದ ಸಮೇತ ತೂಗುತ್ತಿದ್ದವು. ಅವನ್ನೂ ಇಳಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟ. ನಾಲ್ಕರಲ್ಲೂ ಬಣ್ಣ ಹಿಂದೆ, ನೆತ್ತಿಯಲ್ಲಿ, ಅಲ್ಲೊಂದು ಇಲ್ಲೊಂದು. ಕಂಡವನು ತಲೆ ತಗ್ಗಿಸುತ್ತಾನೆ, ಪೆಟ್ಟು ನೆತ್ತಿಗೆ ಬೀಳುತ್ತದೆ. ಬೆನ್ನ ಹಿಂದಿನಿಂದ ಬಂದದ್ದು ಯಾರಿಗೂ ಕಾಣದು, ಅದು ಹಿಂದಲೆಗೆ. ಡೇನ್‌ನದರಲ್ಲಿ ಹನ್ನೊಂದಕ್ಕೆ ಹನ್ನೊಂದೂ ಎಡಗೆನ್ನೆಯ ಮುಂಭಾಗದಲ್ಲಿ. ಕಣ್ಣಿದ್ದವನು ಯಾವನೇ ಆಗಲಿ ಕಾಣಲೇಬೇಕಾದ ಕಡೆಯಿಂದ ಬಂದ ಪೆಟ್ಟುಗಳು ಅವು. ಬಲಗೆನ್ನೆ ಮದುಮಗಳ ಕೆನ್ನೆಯ ಹಾಗೆ ಬೆಳ್ಳಗಿತ್ತು.

ಗುಂಡಿಗೆ ಎಂದಿದ್ದ! ಮೂವತ್ತೊಂದು ವರ್ಷದಲ್ಲಿ ನೋಡಿಲ್ಲ ಎಂದಿದ್ದ! ಆರು ಸಾವಿರ ಜನ ಶನಿವಾರ ಶನಿವಾರ ಬೆಂಚು ಬಡಿದು ಕುಣಿದರಲ್ಲ, ಹನ್ನೆರಡು ಸಾವಿರ ಕಣ್ಣು. ಒಂದಕ್ಕಾದರೂ ಕಂಡಿತೇ? ಮೇಲೆ ಗಾಜಿನ ಕೋಣೆಯಲ್ಲಿ ಕೂತು ಒಂದೇ ಆಟವನ್ನು ಹತ್ತು ಸಲ ಹಿಂದೆ ಮುಂದೆ ಓಡಿಸಿ ನೋಡುವ ಓದಿದವರಿಗೆ ಕಂಡಿತೇ? ಅವರ ಮನೆ ಹಾಳಾಗಲಿ, ಅವರು ಹೆಲ್ಮೆಟ್ ಮುಟ್ಟಿದವರಲ್ಲ. ದಿನಾ ಅದನ್ನು ತೊಡೆಯ ಮೇಲಿಟ್ಟು ತಿರುಪು ಬಿಗಿದವನು ತಾನು. ತನಗೆ ಕಂಡಿತೇ?

ಸಂಜೆ ಮನೆಯಲ್ಲಿ ಹೆಂಡತಿ ಲೊರೀನ್ ಎಲೆಕೋಸು ಹಾಕಿದ ಬೆಣ್ಣೆ ಶಾವಿಗೆ ಬಡಿಸಿದಳು. ಅದು ಸಿಕ್ಕರೆ ಎರಡು ತಟ್ಟೆ ಮುಗಿಸುವ ಗಂಡ ಮುಳ್ಳುಚಮಚ ಹಿಡಿದು ಸುಮ್ಮನೆ ಕೂತಿದ್ದ.

"ಏನು, ಯಂತ್ರಕ್ಕೆ ಕೈ ಕೊಟ್ಕೊಂಡ್ಯಾ? ಹೆಣ ನೋಡಿದೋನ ಹಾಗೆ ಕೂತಿದೀಯ."

ವೆರ್ಲ್ ಹೇಳಿದ. ಲೊರೀನ್ ಕೂತಳು.

"ನಿಜ ಏನು ಅಂತ ಮೊದ್ಲು ಅವನನ್ನೇ ಕೇಳು. ಕೋಚ್ ಹತ್ರ ಓಡ್ಬೇಡ. ಪಾಪದ್ದು, ಅವರಮ್ಮ ಸ್ಕೂಲ್ ಬಸ್ ಓಡಿಸ್ತಾಳೆ, ಶನಿವಾರ ಬಂದ್ರೆ ಮಗನ ಆಟಕ್ಕೆ ಬಾರಿಸೋಕೆ ಹಸುವಿನ ಗಂಟೆ ಹಿಡ್ಕೊಂಡು ಕೂತಿರ್ತಾಳೆ."

"ಕೇಳಿ? ಹೌದು ಅಂದ್ರೆ?"

"ಹೌದು ಅಂದ್ರೆ ನಿನ್ನ ಬಾಯಿಂದ ಬಂದಿದ್ದನ್ನ ನೀನೇ ನುಂಗ್ಬೇಕು. ಇನ್ನೇನು?"

ಶುಕ್ರವಾರ ಬೆಳಿಗ್ಗೆ ವೆರ್ಲ್ ಹೆಲ್ಮೆಟ್ಟಿನ ಅಳತೆ ನೋಡಬೇಕೆಂದು ಹೇಳಿಕಳಿಸಿದ. ಡೇನ್ ಬಂದು ಸ್ಟೂಲಿನ ಮೇಲೆ ಕೂತ. ವೆರ್ಲ್ ಬಾಗಿಲು ಹಾಕಿದ.

"ನನ್ನ ಮೂಗು ನೋಡು ಮಗನೇ. ಕತ್ತು ತಿರುಗಿಸ್ಬೇಡ. ಎಷ್ಟು ಬೆರಳು?"

ತನ್ನ ಬಲಗಡೆ ಎತ್ತಿದ ಬೆರಳು ಹುಡುಗ ಸರಿಯಾಗಿ ಹೇಳಿದ. ವೆರ್ಲ್ ಹುಡುಗನ ಎಡಗಡೆ ಕೈ ಎತ್ತಿದ.

"ಎಷ್ಟು?"

"ಮೂರು."

"ನಾನು ಬೆರಳೇ ಎತ್ತಿಲ್ಲ. ಮುಷ್ಟಿ ಇದು."

ಡೇನ್ ಎರಡೂ ಕೈ ಮಂಡಿಗಳ ನಡುವೆ ಸೇರಿಸಿ ಬಗ್ಗಿ ಕೂತ.

"ಏಪ್ರಿಲ್‌ನಲ್ಲಿ, ಅಭ್ಯಾಸದಲ್ಲಿ, ಯಾರದ್ದೋ ಹೆಬ್ಬೆರಳು ಹೆಲ್ಮೆಟ್ ಜಾಲರಿ ಒಳಗೆ ಬಂತು ಸರ್. ಮೊದ್ಲು ಕಿಡಿ ಕಿಡಿ ಕಾಣ್ತು. ಆಮೇಲೆ ಪಕ್ಕದಿಂದ ಪರದೆ ಎಳ್ಕೊಂಡು ಬಂದ ಹಾಗೆ. ಆಗಸ್ಟಿಗೆ ಪೂರ್ತಿ ಕತ್ತಲೆ."

"ಡಾಕ್ಟ್ರು ನೋಡಿದ್ರಲ್ಲೋ! ಕಣ್ಣಿನ ಪರೀಕ್ಷೆ ಮಾಡಿದ್ರಲ್ಲ!"

"ನೂರ ಹತ್ತು ಜನ ಸಾಲಲ್ಲಿದ್ವಿ. ಎಡಗಣ್ಣು ಮುಚ್ಚು ಅಂದ್ರು, ಎಡಗೈಯಲ್ಲಿ ಮುಚ್ಚಿದೆ. ಬಲಗಣ್ಣು ಮುಚ್ಚು ಅಂದ್ರು, ಬಲಗೈಯಲ್ಲಿ ಮತ್ತೆ ಎಡಗಣ್ಣೇ ಮುಚ್ಚಿದೆ. ಅವ್ರು ಕಾಗದ ನೋಡ್ತಿದ್ರು."

ವೆರ್ಲ್‌ಗೆ ಹುಡುಗನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಯಾವ ಕೆನ್ನೆಗೆ ಎಂದು ಯೋಚಿಸಿ ಕೈ ಹಿಂದೆ ಕಟ್ಟಿಕೊಂಡ.

"ಅಮ್ಮಂಗೆ ಗೊತ್ತಾ?"

"ಇಲ್ಲ. ಅವ್ಳು ಎಡಗಡೆ ಮೆಟ್ಟಿಲಲ್ಲಿ ಕೂರ್ತಾಳೆ. ಗಂಟೆ ಕೇಳ್ಸತ್ತೆ, ಅವ್ಳು ಕಾಣಲ್ಲ. ಕೈ ಬೀಸ್ತೀನಿ ಆದ್ರೂ."

"ನಾನೊಬ್ಬ ಮುಠ್ಠಾಳ! ನಿಂಗೆ ಹೆದ್ರಿಕೆ ಅನ್ನೋದೇ ಇಲ್ಲ ಅಂತ ಆ ಗಾರ್ಲಂಡ್ ಮುಂದೆ ಡಂಗುರ ಹೊಡ್ದೆ!"

ಡೇನ್ ಮೊದಲ ಸಲ ತಲೆಯೆತ್ತಿದ. "ಹೆದ್ರಿಕೆ ಇಲ್ವಾ? ಪ್ರತಿ ಶನಿವಾರ ಆಟಕ್ಕೆ ಮುಂಚೆ ಹಿಂದಿನ ಕಕ್ಕಸಿಗೆ ಹೋಗಿ ವಾಂತಿ ಮಾಡ್ಕೊಳ್ತೀನಿ ಸರ್. ಯಾವಾಗ ಬರತ್ತೆ ಅಂತ ಗೊತ್ತಿಲ್ಲ ಅಲ್ವಾ. ಬರತ್ತೆ ಅಂತ ಮಾತ್ರ ಗೊತ್ತು. ನಿಂತಿರ್ತೀನಿ, ಒಂದು, ಎರಡು ಅಂತ ಎಣಿಸ್ತಾ."

ವೆರ್ಲ್ ಸ್ಟೂಲಿನ ಎದುರು ಬಟ್ಟೆಯ ಮೂಟೆಯ ಮೇಲೆ ಕೂತ. ನಿನ್ನೆ ಕಂಡದ್ದು ಒಂದು ಪೆಟ್ಟು. ಇದು ಅದಕ್ಕಿಂತ ದೊಡ್ಡದು. ಕಾಣದೆ ನಿಂತವನು ಧೈರ್ಯಸ್ಥನಲ್ಲ ಎಂದು ರಾತ್ರಿಯೆಲ್ಲ ತನ್ನನ್ನೇ ಬೈದುಕೊಂಡಿದ್ದ. ಇವನು ಕಾಣುವುದಿಲ್ಲ ಎಂದು ಗೊತ್ತಿದ್ದೂ ನಿಂತವನು.

"ಇನ್ನು ನಾಲ್ಕೇ ಆಟ. ಅವ್ರು ನನ್ನ ತಗೊಂಡ್ರೆ ಆಮೇಲೆ ಆಪರೇಶನ್ ಮಾಡಿಸ್ಕೋತೀನಿ. ನಾಳೆ ಒಂದು ದಿನ ಸರ್. ಸುಮ್ನಿರಿ."

"ಇನ್ನೊಂದು ಪೆಟ್ಟಿಗೆ ಆ ಕಡೆ ಕತ್ತು ಮುರಿದ್ರೆ? ಬಲಗಣ್ಣಿಗೂ ಯಾವನಾದ್ರೂ ಹೆಬ್ಬೆರಳು ಹಾಕಿದ್ರೆ? ಕೋಚ್‌ಗೆ ನೀನೇ ಹೇಳು. ನಾನು ಹೇಳಲ್ಲ, ಅದು ನಿನ್ನ ಕಣ್ಣು. ನಾಳೆ ಬೆಳಿಗ್ಗೆ ತನಕ ಟೈಮ್ ಇದೆ."

ಹುಡುಗ ಎದ್ದು ಹೋದ. ಹೋಗುವಾಗ ಎಡ ಭುಜ ಬಾಗಿಲ ಚೌಕಟ್ಟಿಗೆ ತಾಗಿತು. ಎಷ್ಟು ಸಲ ತಾಗಿರಬಹುದು ಅದು! ‘ಒರಟ, ಬಾಗಿಲು ಮುರೀತಾನೆ’ ಎಂದು ವೆರ್ಲ್ ನಕ್ಕಿದ್ದ.

ಶನಿವಾರ. ಬ್ಯಾಂಡಿನವರ ಡೋಲು ಬೆಳಿಗ್ಗೆಯಿಂದಲೇ ನೆಲಮಾಳಿಗೆಯ ಗೋಡೆ ನಡುಗಿಸುತ್ತಿತ್ತು. ಆಟದ ದಿನ ಹೆಲ್ಮೆಟ್ ಕೊಡುವುದು ವೆರ್ಲ್ ಕೈಯಿಂದಲೇ. ತಿರುಪು, ಪಟ್ಟಿ, ಒಳಗಿನ ಗಾಳಿ ಎಲ್ಲ ನೋಡಿ, ‘ಸರಿಯಿದೆ’ ಎಂದು ಕಾಗದದ ಮೇಲೆ ಅವನು ಸಹಿ ಹಾಕದೆ ಯಾವ ಹುಡುಗನೂ ಮೈದಾನಕ್ಕೆ ಇಳಿಯುವ ಹಾಗಿಲ್ಲ. ಒಬ್ಬೊಬ್ಬರಾಗಿ ಬಂದರು, ಹೆಲ್ಮೆಟ್ ತಗೊಂಡು ಹೋದರು. ಡೇನ್ ಬಂದ. ಮುಖ ಹಾಲಿನ ಹಾಗೆ ಬಿಳಿಚಿತ್ತು. ಕಕ್ಕಸಿಗೆ ಹೋಗಿ ಬಂದಿದ್ದ ಎಂಬುದು ಈಗ ವೆರ್ಲ್‌ಗೆ ಗೊತ್ತಾಗುತ್ತಿತ್ತು.

"ಹೇಳಿದ್ಯಾ?"

"ಹೆಲ್ಮೆಟ್ ಕೊಡಿ ಸರ್."

"ಹೇಳಿದ್ಯಾ ಅಂತ ಕೇಳ್ದೆ."

"ಕೊಡಿ ಸರ್. ದಮ್ಮಯ್ಯ."

ವೆರ್ಲ್ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ. "ಇಲ್ಲ."

ಹಿಂದೆ ನಿಂತ ಹುಡುಗರು ಮೊದಲು ನಕ್ಕರು, ಆಮೇಲೆ ಗುಜುಗುಜು ಎಂದರು. ಯಾರೋ ಮೇಲಕ್ಕೆ ಓಡಿದರು. ಎರಡು ನಿಮಿಷದಲ್ಲಿ ಕೋಚ್ ರಕರ್ ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿ ಬಂದ. ಎತ್ತರದ ಆಳು, ಕತ್ತಿನ ನರ ಹಗ್ಗದ ಹಾಗೆ.

"ಏನಯ್ಯಾ ವೆರ್ಲ್ ಇದು, ತಮಾಷೆನಾ? ಇಪ್ಪತ್ತು ನಿಮಿಷ ಇದೆ! ಕೊಡು ಅವನ ಹೆಲ್ಮೆಟ್ಟು!"

"ಕೊಡಲ್ಲ ಕೋಚ್."

"ಯಾಕೆ, ಒಡೆದಿದೆಯಾ?"

"ಹೆಲ್ಮೆಟ್ ಸರಿಯಾಗಿದೆ."

"ಮತ್ತೆ ಸಹಿ ಹಾಕು!"

"ಹಾಕಲ್ಲ."

"ಕಾರಣ ಹೇಳೋ ಮುದ್ಕಾ!"

ವೆರ್ಲ್ ಡೇನ್ ಕಡೆ ನೋಡಿದ. ಹುಡುಗ ನೆಲ ನೋಡುತ್ತಿದ್ದ. "ಕಾರಣ ನಂದಲ್ಲ ಕೋಚ್, ಹೇಳಕ್ಕೆ."

ಇಷ್ಟು ವರ್ಷ ‘ಆಯ್ತು ಕೋಚ್’ ಬಿಟ್ಟು ಬೇರೆ ಮಾತಾಡದ ಬಾಯಿ ಅದು. ಕೋಚ್ ಮುಖದ ಬಣ್ಣ ಕೆಂಪಿನಿಂದ ನೇರಳೆಗೆ ತಿರುಗಿತು. ಮೇಲೆ ದೊಡ್ಡ ತಂಡದ ದೊಡ್ಡ ಮನುಷ್ಯ ಬಂದು ಕೂತಿದ್ದಾನೆ. ಕೆಳಗೆ ಬಟ್ಟೆ ಒಗೆಯುವವನು ಅಡ್ಡ ಕೂತಿದ್ದಾನೆ!

"ಹಂಗೋ! ಸರಿ ಹಂಗಾದ್ರೆ. ಬೀಗದ ಕೈ ಇಡು ಇಲ್ಲಿ. ಇವತ್ತಿಗೆ ನಿನ್ನ ಕೆಲಸ ಮುಗೀತು. ಮನೆಗೆ ಹೋಗು."

ವೆರ್ಲ್ ಸೊಂಟದಿಂದ ಬೀಗದ ಕೈಗೊಂಚಲು ಬಿಚ್ಚಿದ. ಕೊಂಡಿ ಬೇಗ ಬಿಚ್ಚಿಕೊಳ್ಳಲಿಲ್ಲ. ಕಿಟಕಿಯ ಹಲಗೆಯ ಮೇಲೆ ಇಟ್ಟ. ಹೆಲ್ಮೆಟ್ ಮಾತ್ರ ಮಡಿಲಲ್ಲೇ ಇತ್ತು. ಆ ಕೈಗೊಂಚಲು ಇಲ್ಲದ ವೆರ್ಲ್‌ನನ್ನು ಆ ಹುಡುಗರಲ್ಲಿ ಯಾರೂ ಕಂಡವರಲ್ಲ.

ಆಗ ಡೇನ್ ಬಗ್ಗಿ, ಗಾಡಿಯಿಂದ ಒಂದು ಟವಲ್ ತೆಗೆದು ಕೋಚ್ ಕೈಗೆ ಕೊಟ್ಟ.

"ಕೋಚ್, ನನ್ನ ಎಡಗಡೆಗೆ ಬಂದು ಇದನ್ನ ನನ್ನ ಮೇಲೆ ಎಸೀರಿ."

"ನಿಂಗೂ ತಲೆ ಕೆಟ್ಟಿದೆಯಾ?"

"ಎಸೀರಿ ಕೋಚ್. ಎಸೆಯೋವಾಗ ಹೇಳ್ಬೇಡಿ."

ಕೋಚ್ ಹಲ್ಲು ಕಡಿಯುತ್ತಾ ಎಡಕ್ಕೆ ಸರಿದು, ಸಿಟ್ಟಿನಲ್ಲೇ ಬೀಸಿ ಒಗೆದ. ಟವಲ್ ಹುಡುಗನ ಕಣ್ಣಿಗೇ ಬಡಿಯಿತು. ತೆರೆದ ಕಣ್ಣಿಗೆ. ಡೇನ್ ಅಲ್ಲಾಡಲಿಲ್ಲ. "ಎಸೆದ್ರಿ ಅಂತ ಈಗ ಗೊತ್ತಾಯ್ತು ಕೋಚ್" ಎಂದ ಮೆಲ್ಲಗೆ. "ಏಪ್ರಿಲ್‌ನಿಂದ ಹೀಗೇ. ಮಿಸ್ಟರ್ ವೆರ್ಲ್‌ದೇನೂ ತಪ್ಪಿಲ್ಲ. ಹೇಳಲ್ಲ ಅಂತ ಮಾತು ಕೊಟ್ಟಿದ್ರು, ಅದಕ್ಕೆ ಹೇಳ್ಲಿಲ್ಲ."

ಇಪ್ಪತ್ತೆರಡು ವರ್ಷ ಕಿರುಚಿಯೇ ಬದುಕಿದ ಕೋಚ್ ರಕರ್, ಕೆಳಗೆ ಬಿದ್ದ ಟವಲನ್ನು ಬಗ್ಗಿ ಎತ್ತಿಕೊಂಡು, ಅದನ್ನು ಏನು ಮಾಡಬೇಕೆಂದು ತಿಳಿಯದೆ ಮಡಿಸತೊಡಗಿದ. ನಾಲ್ಕು ಮಡಿಕೆ ಮಡಿಸಿದ. ಆಮೇಲೆ ಅದನ್ನು ಕಿಟಕಿಯ ಹಲಗೆಯ ಮೇಲೆ ಬೀಗದ ಕೈ ಪಕ್ಕ ಇಟ್ಟು, ಕೈಗೊಂಚಲನ್ನು ಎರಡು ಬೆರಳಲ್ಲಿ ವೆರ್ಲ್ ಕಡೆಗೆ ನೂಕಿದ. "ಎರಡನೇ ಕ್ವಾರ್ಟರ್‌ಬ್ಯಾಕ್ ಹುಡುಗನ ಹೆಲ್ಮೆಟ್ ತಯಾರು ಮಾಡು" ಎಂದ. ದನಿ ಅವನದಲ್ಲವೇನೋ ಅನ್ನುವ ಹಾಗಿತ್ತು.

ಆವತ್ತು ಎದುರಾಳಿಗೆ ಮೂವತ್ತೊಂದು ಅಂಕ, ತಮಗೆ ಆರು ಎಂದು ಸೋತರು. ಎಡಗಡೆಯ ಮೆಟ್ಟಿಲಿನಲ್ಲಿ ಗಂಟೆ ಒಂದೇ ಒಂದು ಸಲ ಬಾರಿಸಿ ನಿಂತಿತು. ಲೊರೀನ್ ಹೋಗಿ ಆ ತಾಯಿಯನ್ನು ಕರೆದುಕೊಂಡು ಕೆಳಗೆ ಬಂದಿದ್ದಳು.

ಆಟ ಮುಗಿದ ಮೇಲೆ ಗಾರ್ಲಂಡ್ ಮೇಸ್ ಕಿಟಕಿಗೆ ಬಂದ. ದೊಡ್ಡ ಮನುಷ್ಯ ಅರ್ಧ ಆಟಕ್ಕೇ ಎದ್ದು ಹೋಗಿದ್ದನಂತೆ. ಗಾರ್ಲಂಡ್ ಹಾಳೆಯನ್ನು ಹಲಗೆಯ ಮೇಲೆ ಹರಡಿದ.

"ಎಡಕ್ಕೆ ತಡ ಅಂತ ಈ ಕಡೆ ಬರೆದೆ. ಕಣ್ಣು ಮಿಟುಕಿಸಲ್ಲ ಅಂತ ಆ ಕಡೆ ಬರೆದೆ. ಎರಡೂ ಒಂದೇ ವೆರ್ಲ್. ಒಂದೇ! ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ನಾನು."

"ಹೊಡೆದು ಹಾಕು, ಆ ಗುಂಡಿಗೆ ಮಾತನ್ನ. ನಾನೇ ಹೇಳಿದ್ದು, ಸುಳ್ಳು ಅದು."

ಗಾರ್ಲಂಡ್ ಗೆರೆ ಎಳೆದ. ಹೆಸರಿನ ಮೇಲೂ ಎಳೆಯಲು ಪೆನ್ನು ಒಯ್ದ.

"ತಡಿ. ಅದೇ ಕಡೆ ಇನ್ನೊಂದು ಬರಿ. ‘ಹೆದರುತ್ತಾನೆ’ ಅಂತ ಬರಿ."

"ಗುಣದ ಕಡೆಗಾ?"

"ಹೂಂ. ಗುಣದ ಕಡೆಗೆ."

ಗಾರ್ಲಂಡ್ ಅವನ ಮುಖ ನೋಡಿ, ಕಾರಣ ಕೇಳದೆ ಬರೆದ. ಆ ಹಾಳೆಯಿಂದ ಇನ್ನು ಯಾವ ತಂಡಕ್ಕೂ ಏನೂ ಆಗಬೇಕಿರಲಿಲ್ಲ. ಆದರೂ ಬರೆದ.

ಆಪರೇಶನ್ ಆಯಿತು. ಹೋದ ಬೆಳಕು ಬರುವುದಿಲ್ಲ, ಏಪ್ರಿಲ್‌ನಲ್ಲೇ ಬಂದಿದ್ದರೆ ಬೇರೆ ಮಾತು ಎಂದರು ಡಾಕ್ಟರು. ಬಲಗಣ್ಣು ಗಟ್ಟಿಯಿದೆ, ಇನ್ನೊಂದು ಪೆಟ್ಟು ಬೇಡ ಎಂದರು.

ನವೆಂಬರ್ ಕೊನೆಗೆ, ವರ್ಷದ ಆಟಗಳೆಲ್ಲ ಮುಗಿದು ಹುಡುಗರು ಸಾಮಾನು ಒಪ್ಪಿಸುವ ದಿನ, ಡೇನ್ ಎಡಗಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದ. ಬೂಟು, ಭುಜದ ಕವಚ, ಅಂಗಿ, ಎಲ್ಲ ಮಡಿಸಿ ತಂದಿದ್ದ. ವೆರ್ಲ್ ಒಂದೊಂದಾಗಿ ಎಣಿಸಿಕೊಂಡ. ಗೋಡೆಯ ಐದನೇ ಮೊಳೆಯಲ್ಲಿ ಬಿಳಿ ಹೆಲ್ಮೆಟ್ ತೂಗುತ್ತಿತ್ತು, ಹನ್ನೊಂದು ಬಣ್ಣದ ಸಮೇತ, ಎಡಗೆನ್ನೆ ಕೋಣೆಯ ಕಡೆಗೆ. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಕಣ್ಣಿಗೆ ಬೀಳುವುದು ಅದೇ. ತಿಂಗಳಾಗಿದ್ದರೂ ಅದು ಕಂಡಾಗಲೆಲ್ಲ ವೆರ್ಲ್‌ಗೆ ಓಣಿಯ ಆ ಟವಲ್ ಮತ್ತೆ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಹೋಗುತ್ತಿತ್ತು. ಕೆಲವು ಸಲ ಉಳಿದ ನಾಲ್ಕನ್ನೂ ಇಳಿಸಿ, ಇವುಗಳಲ್ಲಿ ತಾನು ಇನ್ನೇನನ್ನು ತಪ್ಪಾಗಿ ಓದಿದೆನೋ ಎಂದು ತಿರುಗಿಸಿ ನೋಡುತ್ತಿದ್ದ.

"ಟವಲ್ ಕೊಡಿ ಸರ್, ಸ್ನಾನ ಮಾಡಿ ಹೋಗ್ತೀನಿ."

ವೆರ್ಲ್ ಟವಲ್ ಸುತ್ತಿ, ಕಿಟಕಿಯಿಂದ ಕೈ ಚಾಚಿ ಅವನ ಬಲಗೈಗೆ ಕೊಡಲು ಹೋದ. ಡೇನ್ ತಗೊಳ್ಳಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದ.

"ಕೈಗೆ ಕೊಡೋದು ಯಾವಾಗಿಂದ? ಎಸೀರಿ. ಎಡಗಡೆಯಿಂದ."

"ಹೋಗೋ ಹುಚ್ಚಾ."

"ಕಲೀಬೇಕಲ್ಲ ಸರ್. ರಸ್ತೆ ದಾಟ್ಬೇಕು, ಕಾರ್ ಓಡಿಸ್ಬೇಕು. ಎಸೀರಿ."

ವೆರ್ಲ್ ಹೊರಗೆ ಬಂದು ಎಡಗಡೆ ನಿಂತ. ಕೈ ಎತ್ತಿದ, ಕೈ ಅಲ್ಲೇ ನಿಂತಿತು. ಮೂವತ್ತೊಂದು ವರ್ಷದಲ್ಲಿ ಎಷ್ಟು ಸಾವಿರ ಟವಲ್ ಎಸೆದ ಕೈ, ಸೀಸ ತುಂಬಿದ ಹಾಗೆ ಭಾರವಾಯಿತು.

"ಮಿಸ್ಟರ್ ವೆರ್ಲ್. ಚಳಿ ಆಗ್ತಿದೆ."

ಎಸೆದ. ಡೇನ್ ಕತ್ತನ್ನು ಗೂಬೆಯ ಹಾಗೆ ಪೂರ್ತಿ ಎಡಕ್ಕೆ ತಿರುಗಿಸಿದ, ಒಂದು ಚಿಟಿಕೆ ತಡವಾಗಿ. ಟವಲಿನ ಒಂದು ತುದಿ ಬೆರಳಿಗೆ ಸಿಕ್ಕಿತು; ಉಳಿದದ್ದು ಬಿಚ್ಚಿಕೊಂಡು ನೆಲ ಮುಟ್ಟಿತು.

"ಹಿಡೀದೋನಿಗೆ ಒಣ ಟವಲ್ ಇಲ್ಲ" ಎಂದ ವೆರ್ಲ್.

"ಅರ್ಧ ಹಿಡ್ದಿದೀನಿ ಸರ್" ಎಂದು ಡ್ಯಾನ್ಸ್ ಮಾಡುವವನ ಹಾಗೆ ಟವಲ್ ಬೀಸಿ ಹೆಗಲಿಗೆ ಹಾಕಿಕೊಂಡು, ಹುಡುಗ ಸ್ನಾನಕ್ಕೆ ಹೋದ. ಬಾಗಿಲಲ್ಲಿ ಒಂದು ಗಳಿಗೆ ನಿಂತು, ಎಡಗೈ ಚಾಚಿ ಚೌಕಟ್ಟು ಮುಟ್ಟಿ ನೋಡಿಕೊಂಡು, ಆಮೇಲೆ ದಾಟಿದ.